ಕಲ್ಲಿಗೆ ಹಿಡಿಕೆಯಿಲ್ಲ

ಜಾತ್ರೆಯ ಕರಪತ್ರ ಓದುವ ಚಟವಿದ್ದವರಿಗೆ ಬಾಗಲಕೋಟೆ ಜಿಲ್ಲೆ ಹೇಳಿ ಮಾಡಿಸಿದ ಜಾಗ. ರಥೋತ್ಸವ, ಪುರಾಣ ಮಂಗಲ, ಸಾಮಾಜಿಕ ನಾಟಕ ಎಲ್ಲ ಮುಗಿದ ಮೇಲೆ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಸಂಗ್ರಾಣಿ ಕಲ್ಲು ಎತ್ತುವುದು, ಗುಂಡು ಎತ್ತುವುದು, ಉಸುಕಿನ ಚೀಲ ಎತ್ತುವುದು, ಜಂಗೀ ಕುಸ್ತಿ. ಆ ಕರಪತ್ರ ಅಂಟಿಸಿದ ಗೋಡೆಯ ಮೇಲೆಯೇ ನವನಗರದ ಯಾವುದೋ ಜಿಮ್ಮಿನ ಫ್ಲೆಕ್ಸ್ ಕೂಡ ಜೋತಾಡುತ್ತಿರುತ್ತದೆ. ಅದರಲ್ಲಿ ಹೊಳೆಯುವ ಯಂತ್ರಗಳು, ಎಸಿಯ ಭರವಸೆ, ವರ್ಷದ ಫೀಯಲ್ಲಿ ರಿಯಾಯಿತಿ. ಎರಡೂ ಮಾತಾಡುತ್ತಿರುವುದು ಶಕ್ತಿಯ ಬಗ್ಗೆಯೇ. ಆದರೆ ಫ್ಲೆಕ್ಸಿನ ಕಡೆಯವನು ಕರಪತ್ರದ ಕಡೆ ಹೋಗಿ ನಿಂತರೆ ಪರದಾಡುತ್ತಾನೆ.

ಲೆಗ್ ಪ್ರೆಸ್ ಯಂತ್ರದಲ್ಲಿ 150 ಕೆಜಿ ನೂಕುವ ಹುಡುಗ, 50 ಕೆಜಿ ಸಿಮೆಂಟ್ ಚೀಲವನ್ನು ನೆಲದಿಂದ ಹೆಗಲಿಗೆ ತರಲಾರದೆ ನಿಂತುಬಿಡುವುದನ್ನು ಮನೆ ಕಟ್ಟಿಸಿದವರು ಯಾರಾದರೂ ಕಂಡಿರುತ್ತಾರೆ. 'ಜಿಮ್ಮಿನ ಮೈ ಬರೇ ತೋರ್ಸಾಕಷ್ಟ' ಎಂದು ಹಮಾಲರು ನಗುತ್ತಾರೆ. ಆ ನಗುವಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಹೇಳಬೇಕಾದ್ದು ಹಮಾಲರ ಸೊಂಟ. ಅದರ ಮಾತು ಆಮೇಲೆ.

ಮೊದಲು ಲೆಕ್ಕ ನೋಡೋಣ. ನಮ್ಮ ಜಿಮ್ಮುಗಳಲ್ಲಿ ಸಾಮಾನ್ಯವಾಗಿ ಸಿಗುವ ಲೆಗ್ ಪ್ರೆಸ್‌ನ ಹಳಿ ನೆಲಕ್ಕೆ 45 ಡಿಗ್ರಿ ಓರೆಯಾಗಿರುತ್ತದೆ. ಆ ಓರೆಯಿಂದಾಗಿ 100 ಕೆಜಿ ಹೇರಿದರೆ ಕಾಲಿಗೆ ತಾಗುವುದು ಸುಮಾರು 70 ಕೆಜಿಯಷ್ಟೇ. ಬೆನ್ನಿಗೆ ಮೆತ್ತೆ ಇದೆ. ಭಾರ ಎಡಕ್ಕೋ ಬಲಕ್ಕೋ ವಾಲುವಂತಿಲ್ಲ, ಹಳಿ ಬಿಟ್ಟು ಕದಲುವಂತಿಲ್ಲ. ನಿಂತು ಬಸ್ಕಿ ಹೊಡೆಯುವವನು ಹೆಗಲ ಮೇಲಿನ ಭಾರದ ಜೊತೆಗೆ ತನ್ನ ಮೈಭಾರವನ್ನೂ ಪ್ರತಿ ಸಲ ಎತ್ತುತ್ತಾನೆ. ಒರಗಿ ಕುಳಿತು ನೂಕುವವನಿಗೆ ಆ ಬಾಬತ್ತು ಮಾಫಿ. ಹೀಗಾಗಿ ಯಂತ್ರದ ಮೇಲಿನ ಅಂಕಿಯನ್ನು ಹೊರಜಗತ್ತಿನ ಕಿಲೋ ಎಂದು ತಿಳಿಯುವುದು ಮೊದಲ ತಪ್ಪು.

ಈಗ ಕಲ್ಲಿನ ಲೆಕ್ಕ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ 40 ಸೆಂಟಿಮೀಟರ್ ವ್ಯಾಸದ ಒಂದು ಗುಂಡು ಕಡೆದರೆ ಅದು 90 ಕೆಜಿ ತೂಗುತ್ತದೆ. ಕಣ್ಣಿಗೆ ಒಂದು ದೊಡ್ಡ ಕುಂಬಳಕಾಯಿ, ಅಷ್ಟೇ. ಅದಕ್ಕೆ ಹಿಡಿಕೆಯಿಲ್ಲ. ಕಾಲಗಲಿಸಿ ಕೂತು, ಅಂಗೈ ಎರಡನ್ನೂ ಕಲ್ಲಿನ ಅಡಿಗೆ ತೂರಿಸಿ, ಅದನ್ನು ನೆಲದಿಂದ ಬಿಡಿಸಿ ತೊಡೆಯ ಮೇಲೆ ತಂದು, ಅಲ್ಲಿ ಒಂದು ಉಸಿರು ತೆಗೆದುಕೊಂಡು, ಎದೆಗೆ ಅವುಚಿ, ಆಮೇಲೆ ಸೊಂಟ ನೂಕಿ ಎದ್ದು ನಿಲ್ಲಬೇಕು. ಬೆರಳಿನಿಂದ ಹಿಮ್ಮಡಿಯವರೆಗೆ ಒಂದು ಸ್ನಾಯುವೂ ರಜೆ ಹಾಕುವಂತಿಲ್ಲ. ಕಲ್ಲು ಎತ್ತ ಜಾರುತ್ತದೆ ಎಂಬುದು ಮೊದಲೇ ಗೊತ್ತಿರುವುದಿಲ್ಲ. ಜಾರಿದ ಕ್ಷಣದಲ್ಲೇ ಮೈ ಉತ್ತರ ಕೊಡಬೇಕು. ಹನುಮಪ್ಪನ ಗುಡಿಯ ಮುಂದೆ ಇಂಥ ಗುಂಡು ಬಿದ್ದಿರುವ ಊರುಗಳು ನಮ್ಮಲ್ಲಿ ಇನ್ನೂ ಇವೆ. ಸ್ಕಾಟ್ಲೆಂಡಿನ ಪೊಟಾರ್ಚ್ ಎಂಬ ಹಳ್ಳಿಯಲ್ಲಿ ಡಿನ್ನೀ ಕಲ್ಲುಗಳೆಂಬ ಒಂದು ಜೋಡಿ ಇದೆ. ಕಬ್ಬಿಣದ ಉಂಗುರ ಹಾಕಿದ ಎರಡು ಬಂಡೆ, ಕೂಡಿ ಸುಮಾರು 332 ಕೆಜಿ. ಅವನ್ನು ಎತ್ತಲೆಂದೇ ಲೋಕದ ಬೇರೆ ಬೇರೆ ದೇಶಗಳಿಂದ ಜನ ವಿಮಾನ ಹತ್ತಿ ಬರುತ್ತಾರೆ. ಐಸ್‌ಲ್ಯಾಂಡಿನ ಹುಸಾಫೆಲ್ ಕಲ್ಲು 186 ಕೆಜಿ, ಅದಕ್ಕೂ ಅಭಿಮಾನಿಗಳಿದ್ದಾರೆ. ನಮ್ಮ ಗುಂಡುಗಳ ಮೇಲೆ ಈಗ ಹೆಚ್ಚಾಗಿ ಆಡುಗಳು ನಿಲ್ಲುತ್ತವೆ.

ಯಂತ್ರಗಳು ಜಿಮ್ಮಿಗೆ ಬಂದ ದಾರಿ ಮಾತ್ರ ಕುತೂಹಲದ್ದು. ಸ್ವೀಡನ್ನಿನ ವೈದ್ಯ ಗುಸ್ತಾವ್ ಸಾಂಡರ್ 1865ರಲ್ಲಿ ಸ್ಟಾಕ್‌ಹೋಮಿನಲ್ಲಿ ಒಂದು ಸಂಸ್ಥೆ ತೆರೆದ. ಅಲ್ಲಿನ ಸನ್ನೆ, ಗಾಲಿ, ಭಾರಗಳ ಸಾಧನಗಳೆಲ್ಲ ರೋಗಿಗಳಿಗಾಗಿ ಮಾಡಿದ್ದವು, ಕೆಲವು ಹಬೆಯಿಂದಲೂ ನಡೆಯುತ್ತಿದ್ದವು. ಒಂದು ಕೀಲು ಕೆಟ್ಟಿದ್ದರೆ ಆ ಕೀಲನ್ನಷ್ಟೇ ಆಡಿಸಬೇಕು, ಉಳಿದ ಮೈ ಸುಮ್ಮನಿರಬೇಕು ಎಂಬುದು ಆತನ ವಿಚಾರ. ರೋಗಿಗೆ ಅದು ಸರಿಯೇ. ನೂರು ವರ್ಷದ ಮೇಲೆ, 1970ರಲ್ಲಿ, ಅಮೆರಿಕದ ಆರ್ಥರ್ ಜೋನ್ಸ್ ನಾಟಿಲಸ್ ಯಂತ್ರಗಳನ್ನು ಮಾರುಕಟ್ಟೆಗೆ ತಂದ. ಶಂಖದ ಸುರುಳಿಯ ಆಕಾರದ ಗಾಲಿಯೊಂದು ತೋಳು ಮಡಚುವ ಕೋನಕ್ಕೆ ತಕ್ಕಂತೆ ಭಾರವನ್ನು ಏರಿಸುತ್ತ ಇಳಿಸುತ್ತ ಹೋಗುತ್ತಿತ್ತು. ಆ ಬುದ್ಧಿವಂತಿಕೆಯನ್ನು ಮೆಚ್ಚಬೇಕು. ಆದರೆ ರೋಗಿಯ ಕೀಲಿಗೆಂದು ಹುಟ್ಟಿದ ವಿಚಾರ ಗಟ್ಟಿಮುಟ್ಟಾದ ಇಪ್ಪತ್ತರ ಹುಡುಗರ ಇಡೀ ವ್ಯಾಯಾಮವಾಗಿಬಿಟ್ಟದ್ದು ಬುದ್ಧಿವಂತಿಕೆಗಿಂತ ಹೆಚ್ಚಾಗಿ ವ್ಯಾಪಾರದ ಫಲ.

ಶಕ್ತಿ ಎಂದರೆ ಮಾಂಸಖಂಡದ ಗಾತ್ರ ಮಾತ್ರ ಎಂದು ನಾವು ತಿಳಿದಿರುತ್ತೇವೆ. ವ್ಯಾಯಾಮ ಶುರುಮಾಡಿದ ಮೊದಲ ಕೆಲವು ವಾರಗಳಲ್ಲಿ ಎತ್ತುವ ಭಾರ ಏರುತ್ತದಲ್ಲ, ಆಗ ತೋಳಿನ ಸುತ್ತಳತೆ ಅಷ್ಟೇನೂ ಬದಲಾಗಿರುವುದಿಲ್ಲ. ಬದಲಾಗುವುದು ನರವ್ಯೂಹ. ಯಾವ ಸ್ನಾಯು ಯಾವಾಗ ಬಿಗಿಯಬೇಕು, ಯಾವುದು ಸಡಿಲ ಬಿಡಬೇಕು, ಎಷ್ಟು ಎಳೆಗಳನ್ನು ಒಟ್ಟಿಗೆ ಎಬ್ಬಿಸಬೇಕು ಎಂಬುದನ್ನು ಮೆದುಳು ಕಲಿಯುತ್ತದೆ. ಕಲಿತದ್ದು ಆ ಚಲನೆಗೆ ಅಂಟಿಕೊಂಡಿರುತ್ತದೆ. ಯಂತ್ರದ ವ್ಯಾಯಾಮವನ್ನೂ ಬಾರ್‌ಬೆಲ್, ಡಂಬೆಲ್‌ಗಳ ವ್ಯಾಯಾಮವನ್ನೂ ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಇದನ್ನೇ ಹೇಳುತ್ತದೆ: ಮಾಂಸಖಂಡ ಬೆಳೆಯುವುದರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ, ಆದರೆ ಯಂತ್ರದಲ್ಲಿ ಪಳಗಿದವರು ಯಂತ್ರದ ಪರೀಕ್ಷೆಯಲ್ಲಿ ಮುಂದಿದ್ದರು, ಬಿಡಿ ಭಾರದಲ್ಲಿ ಪಳಗಿದವರು ಬಿಡಿ ಭಾರದ ಪರೀಕ್ಷೆಯಲ್ಲಿ. ಜಿಮ್ಮಿನ ಹುಡುಗ ಸಿಮೆಂಟ್ ಚೀಲದ ಮುಂದೆ ನಿಲ್ಲುವುದಕ್ಕೆ ಕಾರಣ ದೌರ್ಬಲ್ಯವಲ್ಲ. ಅವನ ಮೆದುಳಿಗೆ ಆ ಪಾಠವನ್ನು ಯಾರೂ ಹೇಳಿಕೊಟ್ಟಿಲ್ಲ.

ಯಂತ್ರಗಳನ್ನು ಬೈದು ಮುಗಿಸುವ ಮುಂಚೆ 1990ರ ಒಂದು ಪ್ರಸಿದ್ಧ ಪ್ರಯೋಗವನ್ನು ನೆನೆಯಬೇಕು. ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವಯಸ್ಸಿನ, ಮೈ ಕರಗಿದ ಹತ್ತು ಮಂದಿಗೆ 8 ವಾರ ಮೊಣಕಾಲು ಚಾಚುವ ಭಾರದ ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಸರಾಸರಿ 174 ಶೇಕಡಾ ಏರಿತು, ನಡಿಗೆಯ ವೇಗವೂ ಹೆಚ್ಚಿತು. ಅದು ಒಂದೇ ಕೀಲನ್ನು ಆಡಿಸುವ, ಸಾಂಡರ್ ಮೆಚ್ಚುವಂಥ ಸಾಧನ. ತೀರಾ ಕುಸಿದವರಿಗೆ, ಶಸ್ತ್ರಚಿಕಿತ್ಸೆ ಆದವರಿಗೆ, ನಿಂತರೆ ಬೀಳುವ ಭಯ ಇರುವವರಿಗೆ ಯಂತ್ರವೇ ಮೊದಲ ಮೆಟ್ಟಿಲು. ಮೆಟ್ಟಿಲ ಮೇಲೆಯೇ ಮನೆ ಮಾಡಿಕೊಂಡವರ ಬಗ್ಗೆ ಮಾತ್ರ ನನ್ನ ತಕರಾರು.

ಹಾಗಾದರೆ ಮೈಯ ನಿಜವಾದ ಕೆಲಸಗಳು ಯಾವುವು? ಕೂತು ಏಳುವುದು, ಸೊಂಟದಿಂದ ಬಾಗಿ ನೆಲದ್ದನ್ನು ಎತ್ತುವುದು, ನೂಕುವುದು, ಜಗ್ಗುವುದು, ಹೆಜ್ಜೆ ಚಾಚಿ ಏರುವುದು, ತಿರುಗುವುದು, ಭಾರ ಹೊತ್ತು ನಡೆಯುವುದು. ಇವಿಷ್ಟರಲ್ಲಿ ಮನುಷ್ಯನ ಹೆಚ್ಚಿನ ದೈಹಿಕ ಬದುಕು ಮುಗಿಯುತ್ತದೆ. ಈಗ ಫಂಕ್ಷನಲ್ ಟ್ರೇನಿಂಗ್ ಎಂದು ಬೆಂಗಳೂರಿನಲ್ಲಿ ದುಬಾರಿ ಫೀಗೆ ಕಲಿಸುವುದೂ ಇದನ್ನೇ. ಒಂದು ಉದಾಹರಣೆ ಸಾಕು. ಮನೆಗೆ ಬರುವ ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ ಅನಿಲ 14.2 ಕೆಜಿ, ಖಾಲಿ ಉಕ್ಕಿನ ತೂಕವೂ ಸೇರಿ ಹತ್ತಿರ ಹತ್ತಿರ 30 ಕೆಜಿ. ಅದನ್ನು ಸೊಂಟದಿಂದ 20 ಸೆಂಟಿಮೀಟರ್ ದೂರದಲ್ಲಿ ಹಿಡಿದು ಎತ್ತುವುದಕ್ಕೂ, ಬಾಗಿ ತೋಳು ಚಾಚಿ 50 ಸೆಂಟಿಮೀಟರ್ ದೂರದಿಂದ ಎತ್ತುವುದಕ್ಕೂ ಆ ಭಾರ ಬೆನ್ನುಮೂಳೆಯ ಬುಡದ ಮೇಲೆ ಹಾಕುವ ಬಲದ ಸನ್ನೆ ಎರಡೂವರೆ ಪಟ್ಟು ವ್ಯತ್ಯಾಸವಾಗುತ್ತದೆ. ಎಪಿಎಂಸಿಯ ಹಳೆಯ ಹಮಾಲರನ್ನು ಗಮನಿಸಿ: ಚೀಲವನ್ನು ಮೈಗೆ ಹತ್ತಿಸಿಕೊಂಡೇ ಎಬ್ಬಿಸುತ್ತಾರೆ, ತಿರುಗಬೇಕಾದರೆ ಸೊಂಟ ತಿರುಚದೆ ಪಾದ ಕದಲಿಸಿ ತಿರುಗುತ್ತಾರೆ. ಭೌತಶಾಸ್ತ್ರದ ಪುಸ್ತಕ ಓದಿ ಅವರು ಇದನ್ನು ಕಲಿತಿಲ್ಲ. ಕಲಿಯದವರು ಆ ಕೆಲಸದಲ್ಲಿ ಬಹಳ ದಿನ ಉಳಿದಿಲ್ಲ.

ಇಲ್ಲಿ ಒಂದು ಸುಲಭದ ತೀರ್ಮಾನಕ್ಕೆ ಜಾರಿಬಿಡುವ ಅಪಾಯವಿದೆ. ಹಿಂದಿನವರು ಹೊಲದಲ್ಲಿ ದುಡಿದು ಗಟ್ಟಿಯಾಗಿದ್ದರು, ನಾವೂ ಗುದ್ದಲಿ ಹಿಡಿದರೆ ಸಾಕು, ಜಿಮ್ಮು ಯಾಕೆ ಎಂಬ ಮಾತು ಕಟ್ಟೆಯ ಮೇಲೆ ದಿನಕ್ಕೊಮ್ಮೆಯಾದರೂ ಬರುತ್ತದೆ. ಇಳಕಲ್ಲಿಗೆ ಹೋಗಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಅಲ್ಲಿನ ಕುಣಿ ಮಗ್ಗದಲ್ಲಿ ನೇಕಾರ ನೆಲದ ಮಟ್ಟಕ್ಕೆ ಕೂತು ಕಾಲುಗಳನ್ನು ಕುಣಿಯಲ್ಲಿ ಇಳಿಬಿಟ್ಟು ತುಳಿಯುತ್ತಾನೆ. ಒಂದು ಕೈ ಲಾಳಿಯನ್ನು ಓಡಿಸುತ್ತದೆ, ಇನ್ನೊಂದು ಕೈ ಎಳೆಯನ್ನು ಬಡಿದು ಕೂರಿಸುತ್ತದೆ. ಸೆರಗಿನ ರೇಷ್ಮೆ ಹಾಸನ್ನು ಒಡಲಿನ ಹಾಸಿಗೆ ಕೊಂಡಿಯಿಂದ ಕೂಡಿಸುವ ಕೆಲಸವಂತೂ ಕಣ್ಣು, ಕುತ್ತಿಗೆ, ಬೆರಳು ಮೂರನ್ನೂ ಒಟ್ಟಿಗೆ ಕೇಳುತ್ತದೆ. ದಿನವಿಡೀ ಬೆನ್ನು ಮುಂದಕ್ಕೆ ಒಂದೇ ಬಾಗು, ಹೆಗಲು ಒಂದೇ ಅಳತೆಯ ಆಟ. ಅದೇ ತಾಲ್ಲೂಕಿನ ಕ್ವಾರಿಯಲ್ಲಿ ಒಂದು ಘನ ಅಡಿ ಗ್ರಾನೈಟ್ ಎಂದರೆ 75 ಕೆಜಿಗೂ ಹೆಚ್ಚು; ಅಂಥ ಕಲ್ಲನ್ನು ಸನ್ನೆ ಹಾಕಿ ಹೊರಳಿಸುವವನ ಮೈ ಉಕ್ಕಿನ ಹಾಗೆ ಕಂಡರೂ ರಾತ್ರಿ ಮಗ್ಗುಲು ಬದಲಿಸುವಾಗ ನರಳುತ್ತದೆ. ದುಡಿಮೆ ಮೈಯನ್ನು ಬಳಸಿಕೊಳ್ಳುತ್ತದೆ. ಬಲ ಬೆಳೆದರೂ ಅದು ದುಡಿಮೆಯ ಉದ್ದೇಶವಲ್ಲ. ಭಾರ ಇವತ್ತು ಎಷ್ಟಿರಬೇಕು ಎಂದು ನಿರ್ಧರಿಸುವವನು ಮಾಲೀಕ. ದಣಿವಾದರೆ ನಿಲ್ಲುವ ಹಕ್ಕು ಮೈಗಿಲ್ಲ. ಎಡಗೈಗೂ ಬಲಗೈಗೂ ಸಮಪಾಲು ಇಲ್ಲ.

ತಾಲೀಮು ಬೇರೆಯೇ. ಇದನ್ನು ನಮ್ಮ ಜಿಲ್ಲೆಯ ಜನ ಚೆನ್ನಾಗಿ ಬಲ್ಲರು, ಆದರೆ ಎತ್ತುಗಳ ವಿಷಯದಲ್ಲಿ. ಭಾರದ ಬಂಡಿ ಜಗ್ಗುವ ತೆರಬಂಡಿ ಸ್ಪರ್ಧೆಗೆ ಎತ್ತು ಸಾಕುವವರು ಅದನ್ನು ಸುಮ್ಮನೆ ಗಳೆ ಹೊಡೆಯಲು ಹಚ್ಚಿ ದಣಿಸುವುದಿಲ್ಲ. ಭಾರವನ್ನು ಮೆಲ್ಲಗೆ ಏರಿಸುತ್ತ ಜಗ್ಗಿಸುತ್ತಾರೆ, ನಡುವೆ ಬಿಡುವು ಕೊಡುತ್ತಾರೆ, ಮೈ ತಿಕ್ಕುತ್ತಾರೆ, ಹುರುಳಿ ಬೇಯಿಸಿ ಹಾಕುತ್ತಾರೆ. ಅದೇ ಮನೆಯ ಮಗ ಸೊಂಟ ನೋವೆಂದರೆ ಒಂದು ನೋವಿನ ಗುಳಿಗೆ.

ಮನುಷ್ಯನ ಬಗ್ಗೆ ಅಷ್ಟೇ ಆಸ್ಥೆ ವಹಿಸಿದ ಜಾಗ ಗರಡಿ ಮನೆ. ತಲೆ ತಗ್ಗಿಸಿ ಒಳಗೆ ಹೋಗುವ ಗಿಡ್ಡ ಬಾಗಿಲು, ಹನುಮಂತನ ಪಟ, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ ಕೆಂಪು ಮಣ್ಣು. ಹೊಸ ಹುಡುಗನನ್ನು ಮೊದಲ ದಿನವೇ ಕುಸ್ತಿಗೆ ಇಳಿಸುವುದಿಲ್ಲ. ಮೊದಲು ಮಣ್ಣು ಅಗೆದು ಹದ ಮಾಡಬೇಕು. ಸಲಿಕೆಯ ಆ ಕೆಲಸದಲ್ಲೇ ಸೊಂಟದಿಂದ ಬಾಗುವುದು, ತಿರುಗುವುದು ಎರಡೂ ಬಂದುಬಿಡುತ್ತದೆ. ಆಮೇಲೆ ದಂಡ, ಬಸ್ಕಿ. ಇಂದು ಹತ್ತು, ವಾರ ಕಳೆದರೆ ಹದಿನೈದು. ದಂಡ ಎಂದರೆ ಪುಷ್‌ಅಪ್ ಎಂದು ಬರೆಯುವವರಿದ್ದಾರೆ, ಅಷ್ಟಕ್ಕೇ ಮುಗಿಯುವುದಿಲ್ಲ: ಸೊಂಟ ಮೇಲೆತ್ತಿ, ಎದೆಯನ್ನು ನೆಲ ಸವರುವಂತೆ ಇಳಿಸಿ, ಮುಂದೆ ತಲೆ ಎತ್ತುವ ಆ ಸುತ್ತಿನಲ್ಲಿ ಹೆಗಲಿನ ಕೀಲು ತನ್ನ ಪೂರ್ತಿ ಅಗಲಕ್ಕೂ ತಿರುಗುತ್ತದೆ, ಬೆನ್ನು ಎರಡೂ ಕಡೆಗೆ ಬಾಗುತ್ತದೆ. ಮರದ ಕರೇಲ ಬೀಸುವಾಗ ಭಾರ ಕೈಯಿಂದ ದೂರದಲ್ಲಿ ಸುತ್ತುವುದರಿಂದ ಸಣ್ಣ ತೂಕವೇ ಹೆಗಲಿಗೂ ಮುಂಗೈಗೂ ದೊಡ್ಡದಾಗುತ್ತದೆ. ಗದೆ ಇನ್ನೂ ಉದ್ದ, ಇನ್ನೂ ಹಟಮಾರಿ. ಕೊನೆಗೆ ಜೋಡಿ: ಎದುರಿಗಿರುವ ಮನುಷ್ಯನಷ್ಟು ಅಂಕೆಗೆ ಸಿಗದ ಭಾರ ಬೇರೆ ಯಾವುದಿದೆ? ಇವೆಲ್ಲದರ ನಂತರ ಮಾಲೀಶು, ಖುರಾಕು, ನಿದ್ದೆ. ಏರುವ ಭಾರ, ಎಲ್ಲ ದಿಕ್ಕಿನ ಚಲನೆ, ಬಿಡುವು, ನೋಡಿ ತಿದ್ದುವ ಉಸ್ತಾದ ಎಂಬ ನಾಲ್ಕೂ ಒಂದೇ ಸೂರಿನಡಿ ಸಿಗುತ್ತಿದ್ದವು.

ಈ ವಿಚಾರ ಎಷ್ಟು ಹಳೆಯದು ಎಂಬುದಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಾಕ್ಷಿ ಇದೆ. 12ನೇ ಶತಮಾನದಲ್ಲಿ ಅವನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವಿನೋದಕ್ಕೇ ಒಂದು ಭಾಗ ಮೀಸಲು. ಅದರಲ್ಲಿ ಮಲ್ಲನನ್ನು ತಯಾರು ಮಾಡುವ ಶ್ರಮಗಳ ಪಟ್ಟಿ ಬರುತ್ತದೆ: ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಮಾಡುವ ಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಇವತ್ತಿನ ಟ್ರೇನರೊಬ್ಬ ವಾರದ ಪಟ್ಟಿ ಬರೆಯಲು ಕೂತರೆ ಇದಕ್ಕೆ ಹೆಚ್ಚಿಗೆ ಸೇರಿಸುವುದು ಕಷ್ಟ.

ಸ್ತಂಭಶ್ರಮದ ಮೊಮ್ಮಕ್ಕಳು ನಮ್ಮ ಹತ್ತಿರವೇ ಇದ್ದಾರೆ. ಬಾಗಲಕೋಟೆ ತಾಲ್ಲೂಕಿನ ತುಳಸಿಗೇರಿ ಹನುಮಪ್ಪನ ಜೊತೆಗೆ ಮಲ್ಲಕಂಬಕ್ಕೂ ಹೆಸರಾದ ಊರು. ಔಡಲೆಣ್ಣೆ ಸವರಿದ ಕಂಬವನ್ನು ಮಕ್ಕಳು ತೊಡೆಯಿಂದ, ಕಂಕುಳಿನಿಂದ, ಪಾದದ ಹಿಡಿತದಿಂದ ಏರಿ ತಲೆಕೆಳಗಾಗಿ ನಿಲ್ಲುತ್ತಾರೆ. ಎಣ್ಣೆ ಹಚ್ಚುವುದು ಮೈ ತರಚದಿರಲಿ ಎಂದು. ಆದರೆ ಅದೇ ಎಣ್ಣೆ ಹಿಡಿತವನ್ನು ಇನ್ನಷ್ಟು ಬೇಡುತ್ತದೆ. ಇಲ್ಲಿ ಎತ್ತುವ ಭಾರ ಒಂದೇ, ತನ್ನ ಮೈ. ಹುಡುಗ ಬೆಳೆದಂತೆ ಭಾರವೂ ತಾನಾಗಿ ಬೆಳೆಯುತ್ತದೆ. ಗರಡಿಯ ಮಣ್ಣಿನಿಂದ ಹೆಣ್ಣುಮಕ್ಕಳನ್ನು ದೂರವೇ ಇಟ್ಟಿದ್ದ ನಾಡಿನಲ್ಲಿ, ಹಗ್ಗದ ಮಲ್ಲಕಂಬವನ್ನು ಈಗ ಹುಡುಗಿಯರು ಧಾರಾಳವಾಗಿ ಆಡುತ್ತಿರುವುದು ಈ ಕತೆಯ ಒಳ್ಳೆಯ ತಿರುವು.

ಹೊರಗಿನವರು ಈ ಸಾಮಾನುಗಳ ಬೆಲೆಯನ್ನು ನಮಗಿಂತ ಬೇಗ ಅರಿತರು ಎಂಬುದನ್ನೂ ಹೇಳಿಬಿಡಬೇಕು. ಬ್ರಿಟಿಷ್ ಸೈನಿಕರು ಇಲ್ಲಿನ ಗರಡಿಗಳಲ್ಲಿ ಕಂಡ ಕರೇಲ 19ನೇ ಶತಮಾನದಲ್ಲಿ 'ಇಂಡಿಯನ್ ಕ್ಲಬ್' ಎಂಬ ಹೆಸರಲ್ಲಿ ಲಂಡನ್ನಿಗೆ, ಅಲ್ಲಿಂದ ಅಮೆರಿಕಕ್ಕೆ ಹೋಯಿತು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಅದನ್ನು ಬೀಸುವ ಸ್ಪರ್ಧೆಯೇ ನಡೆಯಿತು. ರಷ್ಯದ ಸಂತೆಗಳಲ್ಲಿ ಕಾಳು ತೂಗುತ್ತಿದ್ದ ಹಿಡಿಕೆಯ ಗುಂಡು ಇವತ್ತು ಕೆಟಲ್‌ಬೆಲ್ ಆಗಿ ನವನಗರಕ್ಕೂ ಬಂದಿದೆ. ಅದರ 16, 24, 32 ಕೆಜಿಯ ವಿಚಿತ್ರ ಅಳತೆಗಳು ಪೂದ್ ಎಂಬ ಹಳೆಯ ರಷ್ಯನ್ ತೂಕದ ಒಂದು, ಒಂದೂವರೆ, ಎರಡರ ಲೆಕ್ಕ. ನಮ್ಮ ಸಂತೆಯ ತೂಕದ ಕಲ್ಲು ಮಾತ್ರ ಗುಜರಿಗೆ ಹೋಯಿತು.

ಫಂಕ್ಷನಲ್ ಎಂಬ ಹಣೆಪಟ್ಟಿ ಹಚ್ಚಿಕೊಂಡು ಬಂದದ್ದೆಲ್ಲ ಚಿನ್ನವೂ ಅಲ್ಲ. ಅರ್ಧ ಚೆಂಡಿನಾಕಾರದ ರಬ್ಬರ್ ಗುಮ್ಮಟದ ಮೇಲೆ ನಿಂತು, ತೂರಾಡುತ್ತ ಡಂಬೆಲ್ ಎತ್ತುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಕಾಲಡಿ ನೆಲ ಅಲುಗಿದರೆ ಎತ್ತಬಲ್ಲ ಭಾರ ಕುಸಿಯುತ್ತದೆ. ಭಾರ ಕುಸಿದರೆ ಬಲ ಬೆಳೆಯುವುದೂ ನಿಧಾನ. ಕಾಲು ಉಳುಕಿ ಚೇತರಿಸಿಕೊಳ್ಳುವವರಿಗೆ ಅದು ಉಪಯುಕ್ತ. ಉಳಿದವರು ಗಟ್ಟಿ ನೆಲದ ಮೇಲೆಯೇ ಬದುಕುವವರು. ಗುಮ್ಮಟ ಬೇಕೆನ್ನುವವರಿಗೆ ವಿಜಯಪುರ ದೂರವೇನಿಲ್ಲ.

ಜಗ್ಗುವ ಬಲದ ಪಾಠ ಕಲಿಯಬೇಕಾದರೆ ಬಾದಾಮಿ. ಚಳಿಗಾಲದ ಬೆಳಿಗ್ಗೆ ಅಲ್ಲಿನ ಕೆಂಪು ಮರಳುಗಲ್ಲಿನ ಗೋಡೆಗಳ ಕೆಳಗೆ ಹಗ್ಗ ಬಿಚ್ಚುತ್ತಿರುವ ಹುಡುಗ ಹುಡುಗಿಯರು ಸಿಗುತ್ತಾರೆ. ಪುಣೆ, ಬೆಂಗಳೂರು, ಫ್ರಾನ್ಸ್, ಎಲ್ಲಿಂದಲೋ ಬಂದವರು. ದೇಶದ ಒಳ್ಳೆಯ ಬಂಡೆ ಹತ್ತುವ ತಾಣಗಳಲ್ಲಿ ಇದೂ ಒಂದು. ಚಾಲುಕ್ಯರ ಮಂಗಲೇಶ 578ರಲ್ಲಿ ಮೂರನೆಯ ಗುಹೆಯನ್ನು ಮುಗಿಸಿದ್ದು ಇದೇ ಕಲ್ಲಿನಲ್ಲಿ. ಉಳಿಗೆ ಒದಗುವಷ್ಟು ಮೃದು, ಬೆರಳಿನ ತುದಿಗೆ ಆಸರೆ ಕೊಡುವಷ್ಟು ಗಟ್ಟಿ. ಹತ್ತುವವರ ಮೈ ಗಮನಿಸಿ: ಜಿಮ್ಮಿನ ಕನ್ನಡಿಯ ಮುಂದೆ ಅವರು ಗಮನ ಸೆಳೆಯಲಾರರು. ಆದರೆ ನಾಲ್ಕು ಬೆರಳ ತುದಿಯಲ್ಲಿ ತೂಗಿಕೊಂಡು, ಹೊಟ್ಟೆ ಬಿಗಿದು, ಸೊಂಟವನ್ನು ಬಂಡೆಗೆ ಒತ್ತಿ ಕಾಲಿನಿಂದ ಮೇಲಕ್ಕೆ ನೂಕಿಕೊಳ್ಳುತ್ತಾರೆ. ಹೊಸಬರು ತೋಳಿನಿಂದ ಜಗ್ಗಿ ಹತ್ತು ನಿಮಿಷಕ್ಕೆ ಸೋಲುತ್ತಾರೆ. ಪಳಗಿದವರು ಕಾಲಿನಿಂದ ಹತ್ತುತ್ತಾರೆ. ಒಂದು ಎಚ್ಚರಿಕೆ ಇಲ್ಲಿಯೇ ಸೇರಬೇಕು. ಮಾಂಸಖಂಡ ವಾರಗಳಲ್ಲಿ ಬಲಗೊಂಡರೆ, ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಉತ್ಸಾಹಿಗಳ ಬೆರಳು, ಮೊಣಕೈ, ಹಿಮ್ಮಡಿ ಕೆಡುವುದು ಈ ಅಂತರದಲ್ಲಿಯೇ.

ಹಿಡಿತದ ಬಗ್ಗೆ ಇನ್ನೊಂದು ಮಾತು. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಮೇಲೆ ನಡೆದ 'ಪ್ಯೂರ್' ಅಧ್ಯಯನದ ವರದಿ 2015ರಲ್ಲಿ ಬಂತು. ಮುಷ್ಟಿಯ ಬಿಗಿ 5 ಕೆಜಿ ಕಡಿಮೆಯಾದಂತೆ ಸಾವಿನ ಅಪಾಯ 16 ಶೇಕಡಾ ಹೆಚ್ಚಿರುವುದನ್ನು ಅದು ಕಂಡಿತು. ಹಾಗೆಂದು ಕೈಯಲ್ಲಿ ಸ್ಪ್ರಿಂಗ್ ಹಿಸುಕುತ್ತ ಕೂತರೆ ಆಯುಷ್ಯ ಏರುತ್ತದೆ ಎಂದಲ್ಲ. ಮುಷ್ಟಿ ಇಡೀ ಮೈಯ ಬಲದ ಸೂಚಕ ಅಷ್ಟೇ. ಬ್ರೆಜಿಲ್ಲಿನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ರೂಪಿಸಿದ ಪರೀಕ್ಷೆ ಇನ್ನೂ ಸರಳ: ನಿಂತಲ್ಲಿಂದ ನೆಲಕ್ಕೆ ಕೂತು ಮತ್ತೆ ಏಳಬೇಕು. ಹತ್ತು ಅಂಕ. ಕೈಯೋ ಮೊಣಕಾಲೋ ಊರಿದರೆ ಪ್ರತಿ ಸಲ ಒಂದು ಅಂಕ ಹೋಯಿತು, ತೂರಾಡಿದರೆ ಅರ್ಧ. 51ರಿಂದ 80 ವಯಸ್ಸಿನ ಎರಡು ಸಾವಿರ ಜನರನ್ನು ಹಿಂಬಾಲಿಸಿ 2012ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ, ಕಡಿಮೆ ಅಂಕದವರು ಬೇಗ ಸತ್ತಿದ್ದರು. ನೆಲದ ಮೇಲೆ ಪಂಕ್ತಿ ಕೂತು ಉಣ್ಣುತ್ತಿದ್ದ ಜನ ದಿನಕ್ಕೆ ಎರಡು ಸಲ ಈ ಪರೀಕ್ಷೆ ಬರೆಯುತ್ತಿದ್ದರು. ಈಗ ಊಟ ಟೇಬಲ್ಲಿಗೆ, ಶೌಚ ಕಮೋಡಿಗೆ, ಪೂಜೆ ಸ್ಟೂಲಿಗೆ ಏರಿದೆ. ಮೊಣಕಾಲು ಸವೆದವರಿಗೆ ಇದು ವರ. ನಲವತ್ತರ ಆರೋಗ್ಯವಂತರಿಗೆ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ ಇರಲಿ ಎನ್ನುತ್ತದೆ. 65 ದಾಟಿದವರಿಗೆ ಮೂರು ದಿನ, ಅದೂ ಸಮತೋಲನ ಮತ್ತು ದೈನಂದಿನ ಚಲನೆಯ ಬಲಕ್ಕೆ ಒತ್ತು ಕೊಟ್ಟು. ವಾಕಿಂಗ್ ಒಂದೇ ಸಾಕೆಂದು ಸಂಜೆ ಸುತ್ತುವ ಹಿರಿಯರು ಈ ಎರಡನೆಯ ಸಾಲನ್ನು ಓದುವುದಿಲ್ಲ. 'ಅಮ್ಮಾ, ಈ ವಯಸ್ಸಿನ್ಯಾಗ ಭಾರ ಯಾಕ ಎತ್ತಬೇಕು' ಎಂದು ಕೇಳುವ ಮಕ್ಕಳೇ ಹೆಚ್ಚು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ವೇಗವಾಗಿ ತೆಳುವಾಗುತ್ತದೆ. ಅದನ್ನು ತಡೆಯಲು ಎಲುಬಿಗೆ ಭಾರ ತಾಗಬೇಕು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬೆಳೆದ ತಲೆಮಾರಿಗೆ ಈಗ ನಲ್ಲಿ ಬಂದಿದೆ, ಬರಲೇಬೇಕಿತ್ತು. ಯಾರೂ ಆ ಕೊಡಕ್ಕೆ ಮರಳಬೇಕಿಲ್ಲ. ವಾರಕ್ಕೆ ಎರಡು ದಿನ, ಎರಡು ಕೈಗೆ ಎರಡು ಐದು ಲೀಟರ್ ಎಣ್ಣೆ ಕ್ಯಾನು ನೀರು ತುಂಬಿ ಅಂಗಳದಲ್ಲಿ ನೆಟ್ಟಗೆ ನಡೆದರೆ ಅದೇ ಆರಂಭ. ಒಂದೇ ಕೈಯಲ್ಲಿ ಹಿಡಿದರೆ ಎದುರು ಮಗ್ಗುಲಿನ ಸೊಂಟದ ಸ್ನಾಯು ಮೈ ವಾಲದಂತೆ ತಡೆಹಿಡಿಯುತ್ತದೆ. ಬೆನ್ನುಮೂಳೆಯ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಈ ನಡಿಗೆಯನ್ನು ಬಹಳ ಮೆಚ್ಚುತ್ತಾರೆ.

ಯಾರಿಗೆ ಯಾವ ತಾಲೀಮು ಎಂಬ ಪ್ರಶ್ನೆಗೆ ಉತ್ತರ ಅವರ ದಿನ ಹೇಗೆ ಕಳೆಯುತ್ತದೆ ಎಂಬುದರಲ್ಲಿದೆ. ಇಳಕಲ್ಲಿನ ನೇಕಾರನಿಗೆ ಇನ್ನೂ ಬಾಗುವ ವ್ಯಾಯಾಮ ಬೇಡ. ಅವನಿಗೆ ಬೇಕಾದ್ದು ಮಗ್ಗ ಕೊಡದ ಚಲನೆ: ಕಂಬಿಗೆ ಜೋತು ಬೀಳುವುದು, ಸೊಂಟ ಹಿಂದಕ್ಕೆ ಚಾಚುವುದು, ಎದೆ ತೆರೆದು ಜಗ್ಗುವುದು. ವಿದ್ಯಾಗಿರಿಯ ಕಾಲೇಜಿನಲ್ಲಿ ದಿನವಿಡೀ ಬೆಂಚಿನ ಮೇಲಿರುವ ಹುಡುಗನಿಗೆ ಬಸ್ಕಿಯೂ ಬೇಕು, ಚೀಲವೂ ಬೇಕು. ಹುನಗುಂದದ ಕಪ್ಪು ಮಣ್ಣಿನಲ್ಲಿ ಕಡಲೆ ಕೀಳುವ ಹೆಣ್ಣುಮಗಳಿಗೆ ಸುಗ್ಗಿಯಲ್ಲಿ ವ್ಯಾಯಾಮದ ಮಾತಾಡುವುದೇ ತಪ್ಪು. ಅವಳಿಗೆ ಆಗ ಬೇಕಾದ್ದು ನಿದ್ದೆ ಮತ್ತು ಹೊಟ್ಟೆ ತುಂಬ ಕಾಳು. ಸುಗ್ಗಿ ಮುಗಿದ ಮೇಲೆ ಮಾತಾಡೋಣ. ಐಹೊಳೆಯ ಮೇಗುತಿ ಗುಡ್ಡದ ಮೆಟ್ಟಿಲುಗಳು ಹತ್ತಿರದ ಊರಿನವರಿಗೆ ಪುಕ್ಕಟೆ. ಇಳಿಯುವಾಗ ಎಚ್ಚರ, ತೊಡೆ ನೋಯುವುದು ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ.

ಮನೆಯಲ್ಲೇ ಆರಂಭಿಸುವವರಿಗೆ ಗೊಬ್ಬರದ ಖಾಲಿ ಚೀಲ ಒಂದು, ಚೆನ್ನಾಗಿ ತೊಳೆದು, ಒಳಗೆ 15 ಕೆಜಿ ಉಸುಕು ತುಂಬಿ ಬಾಯಿ ಹೊಲಿದದ್ದು ಸಾಕು. ಪೂರ್ತಿ ತುಂಬಬೇಡಿ, ಉಸುಕು ಒಳಗೆ ಸರಿದಾಡಬೇಕು. ನೆಲದಿಂದ ಎದೆಗೆ, ಎದೆಯಿಂದ ಒಂದು ಹೆಗಲಿಗೆ, ಮತ್ತೆ ಇನ್ನೊಂದು ಹೆಗಲಿಗೆ. ಮೈಗೆ ಹತ್ತಿರ ಹಿಡಿಯಿರಿ, ಎತ್ತುವಾಗ ಉಸಿರು ಕಟ್ಟಬೇಡಿ. ಬಿಪಿ ಇದ್ದವರು, ಅಂಡವಾಯು ಇದ್ದವರು, ಕಾಲಿಗೆ ಇಳಿಯುವ ಬೆನ್ನುನೋವಿನವರು ಡಾಕ್ಟರನ್ನು ಕೇಳದೆ ಚೀಲ ಮುಟ್ಟಬಾರದು. ಏಪ್ರಿಲ್, ಮೇನಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಗಿನ ಏಳರೊಳಗೆ ಮುಗಿಸಬೇಕು. ಪ್ರೊಟೀನ್ ಪುಡಿಯ ಡಬ್ಬಿಗೆ ಸಾವಿರಾರು ರೂಪಾಯಿ ಕೊಡುವ ಮುಂಚೆ ಶೇಂಗಾ, ಮಡಕೆಕಾಳು, ಮೊಟ್ಟೆ, ಮೊಸರಿನ ಲೆಕ್ಕ ಹಾಕಿ; 100 ಗ್ರಾಂ ಶೇಂಗಾದಲ್ಲೇ ಸುಮಾರು 25 ಗ್ರಾಂ ಪ್ರೊಟೀನ್ ಇದೆ, ಎಣ್ಣೆಯೂ ಧಾರಾಳವಾಗಿ ಇದೆ ಎಂಬುದನ್ನು ಮರೆಯದೆ.

ಜಿಮ್ಮಿನವರು ಇದನ್ನೆಲ್ಲ ಯಾಕೆ ಕಲಿಸುವುದಿಲ್ಲ? ಅವರಿಗೆ ಗೊತ್ತಿಲ್ಲ ಎಂದಲ್ಲ. ಯಂತ್ರಕ್ಕೆ ಒಮ್ಮೆ ದುಡ್ಡು ಹಾಕಿದರೆ ಅದು ಯಾರನ್ನೂ ಕೇಳದೆ ಗಿರಾಕಿಯನ್ನು ಕೂರಿಸಿಕೊಂಡು ಆಡಿಸುತ್ತದೆ. ಪಿನ್ ಚುಚ್ಚಿ ಜಗ್ಗಿದರಾಯಿತು. ಮೂವತ್ತು ಜನಕ್ಕೆ ಒಬ್ಬ ಟ್ರೇನರ್ ಸಾಕು. ಡೆಡ್‌ಲಿಫ್ಟ್ ಕಲಿಸಬೇಕಾದರೆ ಒಬ್ಬೊಬ್ಬರ ಪಕ್ಕ ನಿಂತು ಬೆನ್ನು ನೋಡಬೇಕು, ಮೊಣಕಾಲು ನೋಡಬೇಕು, ಬೈಯಬೇಕು. ಅಂಥವನಿಗೆ ಸಂಬಳ ಹೆಚ್ಚು, ಅಂಥವನು ಸಿಗುವುದೂ ಅಪರೂಪ. ಗರಡಿಯಲ್ಲಿ ಉಸ್ತಾದನಿಗೆ ಸಂಬಳವೇ ಇರಲಿಲ್ಲ, ಊರು ಅವನನ್ನು ಸಾಕುತ್ತಿತ್ತು. ಆ ಏರ್ಪಾಟು ಮುರಿದ ಮೇಲೆ ಗರಡಿಗಳಿಗೆ ಬೀಗ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಮಣ್ಣಿನಲ್ಲಿ ಬೆಳೆದ ಹಳೆಯ ಪೈಲ್ವಾನರು ಜಿಲ್ಲೆಯ ಎಷ್ಟೋ ಊರುಗಳಲ್ಲಿ ಕಿರಾಣಿ ಅಂಗಡಿಯಲ್ಲಿಯೋ ಹೊಲದಲ್ಲಿಯೋ ಕೂತಿದ್ದಾರೆ. ಅವರನ್ನು ವಾರಕ್ಕೆ ಎರಡು ಸಂಜೆ ಜಿಮ್ಮಿಗೆ ಕರೆದು, ಗೌರವಧನ ಕೊಟ್ಟು, ಪಕ್ಕದಲ್ಲಿ ಒಬ್ಬ ಫಿಸಿಯೊಥೆರಪಿಸ್ಟನ್ನೂ ನಿಲ್ಲಿಸಿದರೆ ಮಾಲೀಕರಿಗೆ ಬರುವ ಖರ್ಚು ಒಂದು ಹೊಸ ಯಂತ್ರಕ್ಕಿಂತ ಕಡಿಮೆ. ಹಳಬರ ಕಣ್ಣು, ಹೊಸಬರ ಅಂಗರಚನೆಯ ತಿಳಿವಳಿಕೆ, ಎರಡೂ ಬೇಕು. ಯಾಕೆಂದರೆ ಉಸ್ತಾದರ ಎಲ್ಲ ಮಾತೂ ಸರಿಯಲ್ಲ, ನೋವನ್ನು ತಿಂದು ಮುಂದುವರಿ ಎಂಬ ಅವರ ಹಳೆಯ ಸಲಹೆಗೆ ಎಷ್ಟೋ ಮೊಣಕಾಲು ಬಲಿಯಾಗಿವೆ.

ಇನ್ನು ಜಾಗದ ಮಾತು. ಎರಡು ಯಂತ್ರ ಹೊರಗೆ ಹಾಕಿದರೆ ಆರು ಜನ ಚೀಲ ಎತ್ತುವಷ್ಟು ನೆಲ ಖಾಲಿಯಾಗುತ್ತದೆ. ನನ್ನನ್ನು ಕೇಳಿದರೆ ಮೊದಲು ಹೋಗಬೇಕಾದ್ದು ತೊಡೆಯನ್ನು ಒಳಗೆ ಹೊರಗೆ ಆಡಿಸುವ ಯಂತ್ರ, ಆಮೇಲೆ ಕೂತು ಹೊಟ್ಟೆ ಮಡಚುವ ಯಂತ್ರ. ಲೆಗ್ ಪ್ರೆಸ್ ಇರಲಿ, ಮೊಣಕಾಲು ಆಪರೇಷನ್ ಆದವರಿಗೆ ಬೇಕಾಗುತ್ತದೆ. ಮೇಲಿನಿಂದ ಕೆಳಕ್ಕೆ ಜಗ್ಗುವ ಕೇಬಲ್ಲಿನ ಯಂತ್ರವನ್ನಂತೂ ಯಾರೂ ಹೊರಗೆ ಹಾಕಬಾರದು. ಕಂಬಿಗೆ ಜೋತು ಬಿದ್ದು ಒಮ್ಮೆಯೂ ಮೇಲೇಳಲಾರದ ನಮ್ಮಂಥ ಮಧ್ಯವಯಸ್ಕರು ಅಲ್ಲಿಂದಲೇ ಶುರುಮಾಡಬೇಕು.